ಓದದೆ ಹಾಕಿದ ಸಹಿ

ಕರ್ಲ್ ಎಂಬ ಹೆಸರನ್ನೇ ಕೇಳದವರೂ ಅದನ್ನು ದಿನವೂ ಬಳಸುತ್ತಿರುತ್ತಾರೆ. ಇಂಟರ್‌ನೆಟ್ಟಿನ ಒಂದು ವಿಳಾಸದಿಂದ ಮಾಹಿತಿ ತರುವುದು, ಇನ್ನೊಂದಕ್ಕೆ ಕಳಿಸುವುದು, ಇಷ್ಟೇ ಅದರ ಕೆಲಸ. ಮೊಬೈಲು, ಟಿವಿ, ಕಾರು, ಸರ್ವರ್ ಎಲ್ಲದರೊಳಗೂ ಸೇರಿಕೊಂಡಿರುವ ಈ ತಂತ್ರಾಂಶ ಜಗತ್ತಿನಲ್ಲಿ ಸಾವಿರ ಕೋಟಿಗೂ ಹೆಚ್ಚು ಕಡೆ ಓಡುತ್ತಿದೆಯೆಂಬ ಅಂದಾಜಿದೆ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಅದನ್ನು ಈ ಹೆಸರಿನಲ್ಲಿ ಬಿಡುಗಡೆ ಮಾಡಿದರು. ಅಂದಿನಿಂದಲೂ ಅದನ್ನು ನೋಡಿಕೊಳ್ಳುತ್ತಿರುವವರಲ್ಲಿ ಅವರೇ ಮುಖ್ಯರು. ಯಾರು ಬೇಕಾದರೂ ಅದನ್ನು ಪುಕ್ಕಟೆಯಾಗಿ ಬಳಸಬಹುದು, ಒಳಗಿನ ಕೋಡನ್ನು ಓದಬಹುದು, ತಿದ್ದಬಹುದು. ಇಂಥದ್ದನ್ನೇ ಓಪನ್ ಸೋರ್ಸ್ ಎನ್ನುವುದು.

2019ರಲ್ಲಿ ಕರ್ಲ್ ಬಳಗ ಒಂದು ಬಹುಮಾನ ಯೋಜನೆ ಶುರುಮಾಡಿತು. ಕಳ್ಳರು ನುಗ್ಗಬಹುದಾದ ಭದ್ರತಾ ಲೋಪವನ್ನು ಯಾರಾದರೂ ಹುಡುಕಿ ಗುಟ್ಟಾಗಿ ತಿಳಿಸಿದರೆ ಅವರಿಗೆ ಹಣ. ಯೋಜನೆ ಚೆನ್ನಾಗಿಯೇ ನಡೆಯಿತು. ಎಂಬತ್ತಕ್ಕೂ ಹೆಚ್ಚು ನಿಜವಾದ ಲೋಪಗಳು ಸಿಕ್ಕವು, 90 ಸಾವಿರ ಡಾಲರಿಗೂ ಮಿಕ್ಕಿದ ಹಣ ಹುಡುಕಿದವರ ಕೈಸೇರಿತು. ಆಮೇಲೆ ಎಐ ಚಾಟ್‌ಬಾಟ್‌ಗಳು ಬಂದವು. ಕರ್ಲ್‌ನ ಕೋಡನ್ನು ತೋರಿಸಿ 'ಇದರಲ್ಲಿ ಲೋಪ ಹುಡುಕು' ಎಂದರೆ ಚಾಟ್‌ಬಾಟ್ ಹುಡುಕಿಕೊಡುತ್ತದೆ. ಲೋಪ ಇಲ್ಲದಿದ್ದರೂ ಹುಡುಕಿಕೊಡುತ್ತದೆ. ವರದಿ ಅಚ್ಚುಕಟ್ಟಾಗಿರುತ್ತದೆ, ಭಾಷೆ ವಿನಯದ್ದಾಗಿರುತ್ತದೆ, ಕೋಡಿನಲ್ಲಿ ಇಲ್ಲವೇ ಇಲ್ಲದ ಫಂಕ್ಷನ್ನಿನ ಹೆಸರೂ ಅದರಲ್ಲಿ ಬಂದಿರುತ್ತದೆ. 2025ರ ಮಧ್ಯಭಾಗದಲ್ಲಿ ಸ್ಟೆನ್‌ಬರ್ಗ್ ಕೊಟ್ಟ ಲೆಕ್ಕದ ಪ್ರಕಾರ, ಬರುತ್ತಿದ್ದ ವರದಿಗಳಲ್ಲಿ ಸುಮಾರು ಐದರಲ್ಲೊಂದು ಇಂಥ ಎಐ ಕಸ. ನಿಜವಾದ ಲೋಪ ತೋರಿಸಿದ ವರದಿಗಳು ನೂರಕ್ಕೆ ಐದರಷ್ಟು ಮಾತ್ರ.

ಭದ್ರತಾ ವರದಿಯನ್ನು ಓದದೆ ಬದಿಗಿಡುವಂತಿಲ್ಲ. ನೂರರಲ್ಲಿ ಒಂದು ನಿಜವಾಗಿದ್ದರೂ ಕೋಟ್ಯಂತರ ಸಾಧನಗಳ ಬಾಗಿಲು ತೆರೆದಿಟ್ಟಂತಾಗುತ್ತದೆ. ಕರ್ಲ್‌ನ ಭದ್ರತಾ ತಂಡದಲ್ಲಿ ಆಗ ಇದ್ದವರು ಏಳು ಮಂದಿ. ಒಂದೊಂದು ವರದಿಗೂ ಅವರಲ್ಲಿ ಮೂರು ನಾಲ್ಕು ಜನ ಅರ್ಧ ಗಂಟೆಯಿಂದ ಹಿಡಿದು ಮೂರು ಗಂಟೆಯವರೆಗೂ ತಲೆಕೊಡಬೇಕಾಗುತ್ತಿತ್ತು. ಮನೆ, ನೌಕರಿ ಮುಗಿಸಿ ವಾರಕ್ಕೆ ಕೆಲವೇ ಗಂಟೆ ಈ ಕೆಲಸಕ್ಕೆ ಮೀಸಲಿಡುವವನಿಗೆ ಅಂಥ ಒಂದು ವರದಿ ಬಂದರೆ ಆ ವಾರ ಮುಗಿದಂತೆ. ಕೊನೆಗೆ 2026ರ ಜನವರಿ ಅಂತ್ಯಕ್ಕೆ ಬಹುಮಾನ ಯೋಜನೆಯನ್ನೇ ನಿಲ್ಲಿಸಿದರು. ಕಸ ಕಳಿಸಿದವರ ದೆಸೆಯಿಂದ ಪ್ರಾಮಾಣಿಕವಾಗಿ ಹುಡುಕುವವರ ಬಹುಮಾನವೂ ಹೋಯಿತು.

ಈ ಪ್ರಸಂಗವನ್ನು ಮೊದಲು ಹೇಳಲು ಕಾರಣವಿದೆ. ಎಐ ಸಹಾಯಕದಿಂದ ಕೋಡ್ ಬರೆಸಿಕೊಳ್ಳುವುದು ಸರಿಯೇ ತಪ್ಪೇ ಎಂಬ ಚರ್ಚೆ ಬಹಳ ಸಲ ಬರೆಸಿಕೊಳ್ಳುವವರ ಸುತ್ತಲೇ ತಿರುಗುತ್ತದೆ. ಅವರು ಸೋಮಾರಿಗಳಾದರೇ, ಮೋಸ ಮಾಡಿದರೇ, ಅವರ ನೌಕರಿ ಉಳಿಯುತ್ತದೆಯೇ ಎಂದು ಕೇಳುತ್ತೇವೆ. ನನಗೆ ಕಾಣುವಂತೆ ನೈತಿಕ ಪ್ರಶ್ನೆ ಇರುವುದು ಆ ಕೋಡು ಯಾರ ಕೈಗೆ ಹೋಗಿ ಬೀಳುತ್ತದೋ ಅಲ್ಲಿ. ಬರೆಯುವ ಖರ್ಚು ಹೆಚ್ಚುಕಡಿಮೆ ಸೊನ್ನೆಗೆ ಇಳಿದಿದೆ. ಓದಿ ಅರ್ಥಮಾಡಿಕೊಳ್ಳುವ ಖರ್ಚು ಅಷ್ಟು ಇಳಿದಿಲ್ಲ. ಈ ಅಂತರವನ್ನು ಯಾರಾದರೊಬ್ಬರು ತಮ್ಮ ಸಮಯ ಕೊಟ್ಟು ತುಂಬಲೇಬೇಕು. ತಾನು ತುಂಬದೆ, ಒಂದು ಮಾತೂ ಕೇಳದೆ ಇನ್ನೊಬ್ಬರ ಹೆಗಲಿಗೆ ಅದನ್ನು ಹೊರಿಸುವುದು ಅನ್ಯಾಯ.

ಉಪಕರಣದ ಮೇಲೆಯೇ ಮುನಿಸಿಕೊಂಡವರು ಅದೇ ಕರ್ಲ್‌ನ ಮತ್ತೊಂದು ಪ್ರಸಂಗವನ್ನೂ ನೋಡಬೇಕು. 2025ರ ಸೆಪ್ಟೆಂಬರಿನಲ್ಲಿ ಒಬ್ಬ ಭದ್ರತಾ ಸಂಶೋಧಕರು ಎಐ ಆಧಾರಿತ ಉಪಕರಣಗಳಿಂದ ಕರ್ಲ್‌ನ ಕೋಡನ್ನು ಜಾಲಾಡಿಸಿ, ಸಿಕ್ಕ ಸಂಶಯಗಳ ದೊಡ್ಡದೊಂದು ಪಟ್ಟಿಯನ್ನು ಕಳಿಸಿದರು. ಅದರಿಂದ ಸುಮಾರು ಐವತ್ತು ತಿದ್ದುಪಡಿಗಳಾದವು. ಅಷ್ಟು ವರ್ಷ ಎಷ್ಟೋ ಕಣ್ಣುಗಳನ್ನು ತಪ್ಪಿಸಿಕೊಂಡು ಕೂತಿದ್ದ ದೋಷಗಳು ಅವು. ಕಸದ ವಿರುದ್ಧ ಬೇಸರದಿಂದ ಮಾತಾಡಿದ ಸ್ಟೆನ್‌ಬರ್ಗ್ ಅವರೇ ಈ ಕೆಲಸವನ್ನು ಬಹಿರಂಗವಾಗಿ ಹೊಗಳಿದರು. ಎರಡೂ ಕಡೆ ಇದ್ದದ್ದು ಎಐ. ಎರಡನೆಯ ಕಡೆ ಅದರ ಹಿಂದೆ, ತಾನು ಏನನ್ನು ಕಳಿಸುತ್ತಿದ್ದೇನೆಂದು ಬಲ್ಲ, ತಿರುಗಿ ಕೇಳಿದರೆ ಉತ್ತರ ಹೇಳಬಲ್ಲ ಒಬ್ಬ ಮನುಷ್ಯ ಇದ್ದರು.

ಕಸ ಸೋಸುವ ಹೊರೆ ಹೊತ್ತವರು ಯಾರೆಂಬುದನ್ನು ನೋಡಿದರೆ ಅನ್ಯಾಯ ಇಮ್ಮಡಿಯಾಗಿ ಕಾಣುತ್ತದೆ. ಎಐ ಸಹಾಯಕಗಳು ಕೋಡ್ ಬರೆಯಲು ಕಲಿತದ್ದು ಮನುಷ್ಯರು ಬರೆದು ಸಾರ್ವಜನಿಕವಾಗಿ ಇಟ್ಟಿದ್ದ ಅಪಾರ ಕೋಡಿನಿಂದ. ಎಂಥ ಸಾಲಿನ ನಂತರ ಎಂಥ ಸಾಲು ಬರುವ ಸಂಭವ ಹೆಚ್ಚು ಎಂಬುದನ್ನು ಆ ರಾಶಿಯನ್ನು ಉಣಿಸಿಯೇ ಅವಕ್ಕೆ ರೂಢಿ ಮಾಡಿಸಿದ್ದಾರೆ. ಆ ರಾಶಿಯ ಬಹುಭಾಗ ಓಪನ್ ಸೋರ್ಸ್ ಕೆಲಸಗಾರರದ್ದು. ಅವರು ಕೋಡನ್ನು ಕೊಟ್ಟಿದ್ದರೂ ಷರತ್ತೇ ಇಲ್ಲದೆ ಕೊಟ್ಟಿರಲಿಲ್ಲ. ಎಂಐಟಿ ಲೈಸೆನ್ಸಿನಂಥವು ಕೇಳುವುದು ತೀರಾ ಸಣ್ಣದು: ಎಲ್ಲಿಗೆ ಬೇಕಾದರೂ ಒಯ್ಯಿ, ಮಾರಿಕೋ, ಆದರೆ ಬರೆದವನ ಹೆಸರಿರುವ ಈ ಪುಟ್ಟ ಸೂಚನೆಯನ್ನು ಕಿತ್ತುಹಾಕಬೇಡ. ಜಿಪಿಎಲ್ ಎಂಬ ಲೈಸೆನ್ಸು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾನು ಕೊಟ್ಟಂತೆ ನೀನೂ ನಿನ್ನ ಬದಲಾವಣೆಗಳನ್ನು ಮುಂದಿನವರಿಗೆ ಕೊಡು ಎನ್ನುತ್ತದೆ.

ಮೈಕ್ರೋಸಾಫ್ಟ್ ಒಡೆತನದ ಗಿಟ್‌ಹಬ್ 2021ರ ಜೂನ್‌ನಲ್ಲಿ ಕೋಪೈಲಟ್ ಎಂಬ ಸಹಾಯಕವನ್ನು ಪ್ರಯೋಗಾರ್ಥ ಹೊರತಂದಾಗ ಈ ಷರತ್ತುಗಳು ಎಲ್ಲಿ ಹೋದವು ಎಂಬ ಪ್ರಶ್ನೆ ಕೆಲವೇ ದಿನಗಳಲ್ಲಿ ಎದ್ದಿತು. ಕ್ವೇಕ್ ಎಂಬ ಹಳೆಯ ಆಟದ ಮೂರನೆಯ ಆವೃತ್ತಿಯಲ್ಲಿ ವರ್ಗಮೂಲದ ವಿಲೋಮವನ್ನು ಮಿಂಚಿನ ವೇಗದಲ್ಲಿ ಲೆಕ್ಕ ಹಾಕುವ ಒಂದು ಪ್ರಸಿದ್ಧ ತುಣುಕಿದೆ. ಕೋಪೈಲಟ್ ಅದನ್ನು ಅಕ್ಷರಶಃ ಉದುರಿಸಿತು. ಮೂಲ ಕೋಡಿನಲ್ಲಿದ್ದ ಅಚ್ಚರಿಯ ಬೈಗುಳದ ಟಿಪ್ಪಣಿಯೂ ಅದರ ಜೊತೆಗೇ ಬಂತು. ಜಿಪಿಎಲ್ ಅಡಿಯಲ್ಲಿದ್ದ ಆ ತುಣುಕಿಗೆ ಸಂಬಂಧವಿಲ್ಲದ ಬೇರೊಂದು ಲೈಸೆನ್ಸನ್ನು ಅಂಟಿಸಿಕೊಟ್ಟಿತು. ಮರುವರ್ಷ ಅಮೆರಿಕದ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಟಿಮ್ ಡೇವಿಸ್, ಮ್ಯಾಟ್ರಿಕ್ಸ್ ಲೆಕ್ಕಕ್ಕಾಗಿ ತಾವು ಬರೆದ ಕೋಡಿನ ದೊಡ್ಡ ಭಾಗಗಳನ್ನೇ ಕೋಪೈಲಟ್ ತಮ್ಮ ಹೆಸರಿಲ್ಲದೆ, ಲೈಸೆನ್ಸಿಲ್ಲದೆ ಕೊಡುತ್ತಿದೆಯೆಂದು ತೋರಿಸಿದರು. 2022ರ ನವೆಂಬರಿನಲ್ಲಿ ಕೆಲವು ಪ್ರೋಗ್ರಾಮರ್‌ಗಳು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದರು. 2024ರ ಹೊತ್ತಿಗೆ ಅವರ ಹೆಚ್ಚಿನ ಆರೋಪಗಳನ್ನು ನ್ಯಾಯಾಲಯ ತಳ್ಳಿಹಾಕಿತು. ಹೆಸರು ಮತ್ತು ಲೈಸೆನ್ಸಿನ ವಿವರ ಕಳಚಿಹಾಕಿದ ಪ್ರಶ್ನೆ ಮೇಲ್ಮನವಿಗೆ ಹೋಯಿತು.

ಕಾನೂನು ಏನೇ ಹೇಳಲಿ, ಋಣ ಇದೆ. ಹೆಸರು ಉಳಿಸು ಎಂದು ಕೇಳಿಕೊಂಡು ವರ್ಷಾನುಗಟ್ಟಲೆ ಪುಕ್ಕಟೆ ದುಡಿದವರ ಕೋಡಿನಿಂದ ಕಲಿತ ಯಂತ್ರ, ಈಗ ಅವರ ಹೆಸರನ್ನು ಅಳಿಸಿ ಕೊಡುತ್ತಿದೆ. ಅದೇ ಯಂತ್ರದಿಂದ ಹೊರಬಂದ ಕಸವನ್ನು ಸೋಸುವ ಕೆಲಸವೂ ಬಿದ್ದಿರುವುದು ಅವರದೇ ಮೇಲೆ. ಎಐಯಿಂದ ಕೋಡ್ ಬರೆಸಿಕೊಳ್ಳುವ ಪ್ರತಿಯೊಬ್ಬರೂ ಈ ಎರಡು ಸಂಗತಿಗಳನ್ನು ಒಟ್ಟಿಗೆ ನೆನಪಿಡಬೇಕೆಂದು ನನ್ನ ಆಸೆ.

ಓಪನ್ ಸೋರ್ಸ್ ಬಳಗಗಳು ಇದಕ್ಕೆ ಒಂದೇ ದನಿಯಲ್ಲಿ ಉತ್ತರಿಸಿಲ್ಲ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಒಂದು ಆವೃತ್ತಿಯನ್ನು ಕಟ್ಟುವ ಜೆಂಟೂ ಬಳಗ 2024ರ ಏಪ್ರಿಲ್‌ನಲ್ಲಿ ಎಐ ಬರೆದ ಕೋಡನ್ನು ನಿಷೇಧಿಸಿತು. ಮರುತಿಂಗಳೇ ನೆಟ್‌ಬಿಎಸ್‌ಡಿ ಬಳಗ, ಅಂಥ ಕೋಡನ್ನು ಕಳಂಕಿತವೆಂದೇ ಭಾವಿಸುತ್ತೇವೆ, ಮುಖ್ಯರ ಲಿಖಿತ ಒಪ್ಪಿಗೆ ಇಲ್ಲದೆ ಸೇರಿಸಬೇಡಿ ಎಂದಿತು. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಬಳಗ 2025ರಲ್ಲಿ ಬೇರೆ ದಾರಿ ಹಿಡಿಯಿತು: ಬಳಸಿ, ಆದರೆ ಬಳಸಿದ್ದನ್ನು ಹೇಳಿ, ಹೊಣೆ ನಿಮ್ಮದೇ.

ನನಗೆ ಎಲ್ಲಕ್ಕಿಂತ ಸರಿಯೆನಿಸುವುದು ಲಿನಕ್ಸ್‌ನ ತಿರುಳಾದ ಕರ್ನೆಲ್‌ನವರ ನಿಲುವು. ಅದರ ಬೇರು ಎಐಗಿಂತ ಬಹಳ ಹಳೆಯದು. 2003ರಲ್ಲಿ ಎಸ್‌ಸಿಒ ಎಂಬ ಕಂಪನಿ, ತನ್ನ ಯುನಿಕ್ಸ್ ಕೋಡು ಲಿನಕ್ಸ್‌ನೊಳಗೆ ಸೇರಿಕೊಂಡಿದೆಯೆಂದು ಐಬಿಎಂ ಮೇಲೆ ದಾವೆ ಹೂಡಿತು. ಯಾವ ಸಾಲು ಎಲ್ಲಿಂದ ಬಂತು ಎಂದು ಹೇಳಬಲ್ಲ ದಾಖಲೆ ಬೇಕೆಂಬುದು ಆಗ ಎಲ್ಲರಿಗೂ ಅರ್ಥವಾಯಿತು. 2004ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಒಂದು ಪದ್ಧತಿ ತಂದರು. ಕೋಡ್ ಕಳಿಸುವ ಪ್ರತಿಯೊಬ್ಬರೂ ಕೊನೆಯಲ್ಲಿ ತಮ್ಮ ಹೆಸರು ಬರೆದು ಸಹಿ ಮಾಡಬೇಕು. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂಬ ಪ್ರಮಾಣ ಅದು. ಇಂದು ಕರ್ನೆಲ್‌ನ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ: ಎಐ ಆ ಸಹಿಯ ಸಾಲನ್ನು ಸೇರಿಸಕೂಡದು. ಎಐ ನೆರವಾಗಿದ್ದರೆ ಅದನ್ನು ಬೇರೆ ಸಾಲಿನಲ್ಲಿ ನಮೂದಿಸಬೇಕು. ಕೋಡನ್ನು ಪರಿಶೀಲಿಸಿ, ಲೈಸೆನ್ಸಿಗೆ ಹೊಂದುತ್ತದೆಯೇ ನೋಡಿ, ಪೂರ್ಣ ಹೊಣೆ ಹೊತ್ತು ಸಹಿ ಹಾಕಬೇಕಾದವನು ಮನುಷ್ಯ. ಪತ್ರವನ್ನು ಓದದೆ ಸಾಲಕ್ಕೆ ಜಾಮೀನು ಹಾಕಿದವನು ನಾಳೆ 'ಬರೆದದ್ದು ನಾನಲ್ಲ' ಎಂದರೆ ಹೇಗೆ ನಡೆಯುವುದಿಲ್ಲವೋ, ಇಲ್ಲೂ ಹಾಗೆಯೇ.

ಓದುವುದೇನು ಮಹಾ, ಕೋಡು ಕೆಲಸ ಮಾಡಿದರೆ ಆಯಿತಲ್ಲ ಎನ್ನುವವರಿದ್ದಾರೆ. ಅಪಾಯ ಇರುವುದು ಅಲ್ಲೇ. ಎಐ ಕೊಡುವ ಕೋಡು ಪೂರ್ತಿ ತಪ್ಪಾಗಿದ್ದರೆ ಕಂಪ್ಯೂಟರೇ ಅದನ್ನು ಒದ್ದು ಹೊರಹಾಕುತ್ತದೆ. ಬಹಳ ಸಲ ಅದು ಓಡುತ್ತದೆ, ಬೇಕಾದ ಉತ್ತರವನ್ನೂ ಕೊಡುತ್ತದೆ, ತಪ್ಪು ಒಳಗೆ ಅಡಗಿರುತ್ತದೆ. ಒಂದು ಆಸ್ಪತ್ರೆಯ ಜಾಲತಾಣದಲ್ಲಿ ರೋಗಿಯ ಹೆಸರು ಹುಡುಕುವ ಪೆಟ್ಟಿಗೆ ಇದೆಯೆನ್ನಿ. ಅಲ್ಲಿ ಬರೆದ ಹೆಸರನ್ನು ಸೋಸದೆ ನೇರವಾಗಿ ಡೇಟಾಬೇಸಿನ ಆಜ್ಞೆಗೆ ಅಂಟಿಸುವ ಕೋಡು ಹತ್ತು ಹೆಸರು ಕೊಟ್ಟು ಪರೀಕ್ಷಿಸಿದರೆ ಹತ್ತೂ ಸಲ ಸರಿಯಾಗಿ ನಡೆಯುತ್ತದೆ. ಹನ್ನೊಂದನೆಯವನು ಹೆಸರಿನ ಜಾಗದಲ್ಲಿ ಬೇರೊಂದು ಆಜ್ಞೆಯನ್ನೇ ಬರೆದರೆ ಎಲ್ಲ ರೋಗಿಗಳ ವಿವರ ಅವನ ಕೈಯಲ್ಲಿರುತ್ತದೆ. ಇದು ದಶಕಗಳಿಂದ ಗೊತ್ತಿರುವ ತಪ್ಪು. ಸಾರ್ವಜನಿಕವಾಗಿರುವ ಹಳೆಯ ಕೋಡಿನಲ್ಲಿ ಹೇರಳವಾಗಿ ಇರುವುದರಿಂದ ಎಐಯೂ ಅದನ್ನು ಕಲಿತುಕೊಂಡಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಭದ್ರತೆಯ ದೃಷ್ಟಿಯಿಂದ ಸೂಕ್ಷ್ಮವಾದ 89 ಸಂದರ್ಭಗಳನ್ನು ಕೋಪೈಲಟ್ ಮುಂದಿಟ್ಟು 1,689 ಪ್ರೋಗ್ರಾಂಗಳನ್ನು ಬರೆಸಿದರು. ಸುಮಾರು 40 ಪ್ರತಿಶತದಲ್ಲಿ ಲೋಪಗಳಿದ್ದವು.

ಉಪಕರಣಗಳು ಅಂದಿನಿಂದ ಬಹಳ ಸುಧಾರಿಸಿವೆ, ಆ ಅಂಕಿಯನ್ನೇ ಇಂದಿಗೂ ಹಿಡಿದುಕೊಂಡು ಕೂರಬೇಕಿಲ್ಲ. ಸುಧಾರಿಸಲು ಕಷ್ಟವಾದದ್ದು ನಮ್ಮ ಮನಸ್ಸು. ಸ್ಟ್ಯಾನ್‌ಫರ್ಡ್‌ನಲ್ಲಿ 2022ರಲ್ಲಿ ನಡೆದ ಪ್ರಯೋಗದಲ್ಲಿ ಎಐ ನೆರವು ಪಡೆದವರು ಬರೆದ ಕೋಡು ಒಟ್ಟಾರೆ ಕಡಿಮೆ ಸುರಕ್ಷಿತವಾಗಿತ್ತು. ತಮ್ಮ ಕೋಡು ಸುರಕ್ಷಿತವಾಗಿದೆಯೆಂದು ಹೆಚ್ಚು ನಂಬಿದವರೂ ಅವರೇ. ಮೀಟರ್ ಎಂಬ ಸಂಶೋಧನಾ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಅನುಭವಿ ಪ್ರೋಗ್ರಾಮರ್‌ಗಳು ತಮಗೆ ಚೆನ್ನಾಗಿ ಪರಿಚಯವಿದ್ದ ಕೋಡಿನಲ್ಲಿ 246 ಕೆಲಸಗಳನ್ನು ಮಾಡಿದರು. ಎಐ ಬಳಸಿದಾಗ ಅವರಿಗೆ 19 ಪ್ರತಿಶತ ಹೆಚ್ಚು ಸಮಯ ಹಿಡಿಯಿತು. ಕೆಲಸ ಮುಗಿದ ಮೇಲೆ ಕೇಳಿದಾಗಲೂ ಅವರು 20 ಪ್ರತಿಶತ ಬೇಗ ಮುಗಿಸಿದೆವು ಎಂದೇ ಭಾವಿಸಿದ್ದರು. ಇಂದಿನ ಉಪಕರಣಗಳಿಂದ ವೇಗದ ಲೆಕ್ಕ ಬದಲಾಗಬಹುದು. ಸರಾಗವಾಗಿ ಹರಿದುಬಂದ ಸಾಲುಗಳನ್ನು ನೋಡುವಾಗ ನಮ್ಮ ಅಂದಾಜೇ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದು ಈ ಎರಡೂ ಅಧ್ಯಯನಗಳಿಂದ ನಾನು ಕಲಿತ ಪಾಠ. ಆದ್ದರಿಂದ 'ನೋಡಿದೆ, ಸರಿಯಾಗಿತ್ತು' ಎಂಬ ಮಾತು ಸಾಲದು. ಪ್ರತಿ ಸಾಲೂ ಏಕೆ ಹಾಗಿದೆ ಎಂದು ಇನ್ನೊಬ್ಬರಿಗೆ ವಿವರಿಸಲು ಬರಬೇಕು.

ಇನ್ನೊಂದು ಬಗೆಯ ಅಪಾಯ ತೀರಾ ಹೊಸದು. ಇಂದಿನ ಯಾವ ಪ್ರೋಗ್ರಾಮರೂ ಎಲ್ಲವನ್ನೂ ಮೊದಲಿನಿಂದ ಬರೆಯುವುದಿಲ್ಲ, ಬೇರೆಯವರು ಬರೆದಿಟ್ಟ ಪ್ಯಾಕೇಜುಗಳನ್ನು ಇಳಿಸಿಕೊಂಡು ಜೋಡಿಸುತ್ತಾರೆ. ಎಐ ಕೆಲವೊಮ್ಮೆ ಇಲ್ಲದ ಪ್ಯಾಕೇಜಿನ ಹೆಸರನ್ನು ಸೂಚಿಸುತ್ತದೆ, ಅದೂ ಒಂದೇ ಹೆಸರನ್ನು ಮತ್ತೆ ಮತ್ತೆ. ಭದ್ರತಾ ಸಂಶೋಧಕರೊಬ್ಬರು ಎಐ ಹೀಗೆ ಕಲ್ಪಿಸಿಕೊಂಡಿದ್ದ 'ಹಗಿಂಗ್‌ಫೇಸ್-ಸಿಎಲ್‌ಐ' ಎಂಬ ಹೆಸರಿನಲ್ಲಿ ಒಂದು ಖಾಲಿ ಪ್ಯಾಕೇಜನ್ನು ಪೈಥಾನ್ ಭಾಷೆಯ ಪ್ಯಾಕೇಜ್ ಭಂಡಾರಕ್ಕೆ ಏರಿಸಿ ಕಾದರು. ಮೂರು ತಿಂಗಳಲ್ಲಿ ಅದು 30 ಸಾವಿರಕ್ಕೂ ಹೆಚ್ಚು ಸಲ ಇಳಿಕೆಯಾಯಿತು. ಅದು ಖಾಲಿಯಾಗಿತ್ತು, ಸರಿ. ಕಳ್ಳನೊಬ್ಬ ಅದೇ ಹೆಸರಿನೊಳಗೆ ಪಾಸ್‌ವರ್ಡ್ ಕದಿಯುವ ಕೋಡು ತುಂಬಿಸಿಟ್ಟಿದ್ದರೆ? ಇಳಿಸಿಕೊಳ್ಳುವ ಮೊದಲು ಪ್ಯಾಕೇಜು ಯಾರದು, ಎಷ್ಟು ಹಳೆಯದು ಎಂದು ನೋಡಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಉಳಿಸಿದವನ ಮೇಲಿನ ನಂಬಿಕೆಯಿಂದಲೇ ಯಾವುದೋ ಊರಿನ ಗ್ರಾಹಕರು ತಮ್ಮ ಬ್ಯಾಂಕ್ ವಿವರ ಕೊಟ್ಟಿರುತ್ತಾರೆ.

ಈಗ ನಮ್ಮ ಊರಿಗೆ ಬರೋಣ. ಬೆಂಗಳೂರಿನಲ್ಲಿ ಬರೆಯಲಾಗುವ ಕೋಡಿನ ದೊಡ್ಡ ಪಾಲು ಬೇರೆಯವರಿಗಾಗಿ ಬರೆಯುವಂಥದ್ದು. ವಿದೇಶದ ಬ್ಯಾಂಕು, ವಿಮಾ ಕಂಪನಿ, ಆಸ್ಪತ್ರೆ ತಮ್ಮ ಕೋಡನ್ನೂ ದತ್ತಾಂಶವನ್ನೂ ಗುಟ್ಟಾಗಿ ಇಡುವ ಕರಾರಿನ ಮೇಲೆ ಒಪ್ಪಿಸಿರುತ್ತವೆ. ಕಂಪನಿಯ ಒಪ್ಪಿಗೆಯಿಲ್ಲದ ಎಐ ಪೆಟ್ಟಿಗೆಗೆ ಅದನ್ನು ಅಂಟಿಸಿದರೆ ಕೊಟ್ಟ ಮಾತು ಮುರಿದಂತೆಯೇ. 2023ರಲ್ಲಿ ಸ್ಯಾಮ್‌ಸಂಗ್‌ನ ಎಂಜಿನಿಯರುಗಳು ಕಂಪನಿಯ ಒಳಗಿನ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಬೆಳಕಿಗೆ ಬಂದು, ಕಂಪನಿ ಅಂಥ ಉಪಕರಣಗಳನ್ನೇ ನಿಷೇಧಿಸಿತು.

ಭಾರತದ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದೇ ಎಣಿಸುತ್ತದೆ. 1994ರ ತಿದ್ದುಪಡಿಯಲ್ಲಿ ಸೇರಿದ ಒಂದು ಮಾತೂ ಅದರಲ್ಲಿದೆ: ಕಂಪ್ಯೂಟರಿನಿಂದ ಸೃಷ್ಟಿಯಾದ ಕೃತಿಗೆ, ಅದು ಸೃಷ್ಟಿಯಾಗಲು ಕಾರಣನಾದ ವ್ಯಕ್ತಿಯೇ ಕರ್ತೃ. ಇಂದಿನ ಎಐಯನ್ನು ಆಗ ಯಾರೂ ಕಂಡಿರಲಿಲ್ಲ, ನ್ಯಾಯಾಲಯಗಳು ಅದನ್ನು ಹೇಗೆ ಅರ್ಥೈಸುತ್ತವೆ ಎಂಬುದು ಬೇರೆ ವಿಚಾರ. ನೈತಿಕವಾಗಿ ಮಾತ್ರ ನಾನು ಅದನ್ನು ಹೀಗೆ ಓದುತ್ತೇನೆ: ಮಾಡು ಎಂದವನು ಕರ್ತೃವಾಗುವುದಾದರೆ ಕೋಡು ಕೆಟ್ಟಾಗ ಹೊಣೆಗಾರನೂ ಅವನೇ.

ಹಾಗಿದ್ದರೆ 'ಮಾಡು' ಎಂದವರು ಯಾರು? ಈ ಪ್ರಶ್ನೆಯನ್ನು ಕೀಲಿಮಣೆಯ ಮುಂದೆ ಕೂತ ಹುಡುಗಿಯ ಬಳಿ ನಿಲ್ಲಿಸುವುದು ಸರಿಯಲ್ಲ. ಎಐ ಕೊಡಿಸಿದ್ದೇವೆ, ಇನ್ನು ಎರಡು ವಾರದ ಕೆಲಸ ನಾಲ್ಕು ದಿನಕ್ಕೆ ಮುಗಿಯಲಿ ಎನ್ನುವ ಮ್ಯಾನೇಜರು ಓದುವ ಸಮಯವನ್ನೇ ಕಿತ್ತುಕೊಂಡಿರುತ್ತಾರೆ. ಅವಳು ಓದದೆ ಸಹಿ ಹಾಕಿದರೆ ಆ ಸಹಿಯಲ್ಲಿ ಅವರದ್ದೂ ಪಾಲಿದೆ. ಹಿರಿಯ ಎಂಜಿನಿಯರ್ ಒಬ್ಬರ ಮುಂದೆ ದಿನಕ್ಕೆ ಐದು ಬರುತ್ತಿದ್ದ ಕೋಡ್ ಪರಿಶೀಲನೆಗಳು, ಅಂದರೆ ರಿವ್ಯೂಗಳು, ಇಪ್ಪತ್ತಾದಾಗ ಅವರೂ ಮೇಲಿಂದ ಕಣ್ಣಾಡಿಸಿ ಒಪ್ಪಿಗೆ ಒತ್ತುತ್ತಾರೆ. ಕರ್ಲ್‌ನ ಏಳು ಜನರಿಗೆ ಹೊರಗಿನಿಂದ ಬಂದ ಹೊರೆ, ಇಲ್ಲಿ ಕಂಪನಿಯ ಒಳಗೇ ಹುಟ್ಟುತ್ತದೆ.

ಹೊಸದಾಗಿ ಸೇರುವ ಮಕ್ಕಳ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಅಮೆರಿಕದ ವೇತನ ದಾಖಲೆಗಳನ್ನು ಆಧರಿಸಿ ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞರು 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 22ರಿಂದ 25 ವರ್ಷ ವಯಸ್ಸಿನ ಸಾಫ್ಟ್‌ವೇರ್ ಉದ್ಯೋಗಿಗಳ ಸಂಖ್ಯೆ 2022ರ ಕೊನೆಯ ಶಿಖರದಿಂದ ಸುಮಾರು 20 ಪ್ರತಿಶತ ಕುಸಿದಿದೆ. ಅದೇ ವೃತ್ತಿಯ ಹಿರಿಯರಿಗೆ ಹಾಗಾಗಿಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವವರು ಮೊದಲ ಎರಡು ವರ್ಷ ಮಾಡುತ್ತಿದ್ದದ್ದು ಸಣ್ಣಪುಟ್ಟ ಬಗ್ ತಿದ್ದುವುದು, ಟೆಸ್ಟ್ ಬರೆಯುವುದು, ಬೇರೆಯವರ ಕೋಡನ್ನು ಓದಿ ಒದ್ದಾಡುವುದು. ಕೋಡನ್ನು ಓದುವ ಕಣ್ಣು ಬೆಳೆಯುತ್ತಿದ್ದದ್ದು ಆ ಒದ್ದಾಟದಲ್ಲೇ. ಅಷ್ಟನ್ನೂ ಎಐಗೆ ಕೊಟ್ಟರೆ, ಹತ್ತು ವರ್ಷದ ಮೇಲೆ ಎಐ ಬರೆದದ್ದನ್ನು ಪರಿಶೀಲಿಸುವವರು ಎಲ್ಲಿಂದ ಬರಬೇಕು? ಲ್ಯಾಬ್ ಪರೀಕ್ಷೆಯಲ್ಲಿ ಬಾಯಿಪಾಠ ಮಾಡಿದ ಪ್ರೋಗ್ರಾಂ ಬರೆಸುವುದನ್ನು ಬಿಟ್ಟು, ಎಐ ಬರೆದ ನೂರು ಸಾಲುಗಳನ್ನು ಮುಂದಿಟ್ಟು ಇದರಲ್ಲಿ ಅಡಗಿರುವ ತಪ್ಪನ್ನು ಹುಡುಕು, ವೈವಾದಲ್ಲಿ ವಿವರಿಸು ಎಂದು ಕೇಳುವ ಕಾಲ ಬಂದಿದೆ. ಎಐ ಬಳಸಬೇಡ ಎಂದು ವಿದ್ಯಾರ್ಥಿಗಳಿಗೆ ಹೇಳಿ ಪ್ರಯೋಜನವಿಲ್ಲ, ಅವರು ಬಳಸಿಯಾಗಿದೆ.

ಕಂಪನಿಗಳು ನಾಳೆಯೇ ಮಾಡಬಹುದಾದ ಕೆಲಸಗಳಿವೆ. ಟೈಮ್‌ಶೀಟಿನಲ್ಲಿ ಕೋಡ್ ಬರೆಯುವುದಕ್ಕೆ ಸಿಗುವಷ್ಟೇ ಗೌರವದ ಗಂಟೆಗಳು ರಿವ್ಯೂಗೂ ಸಿಗಬೇಕು. ಬಡ್ತಿಯ ಲೆಕ್ಕದಲ್ಲಿ ಎಷ್ಟು ಸಾಲು ಬರೆಸಿದೆ ಎಂಬುದರ ಬದಲು ಎಷ್ಟು ತಪ್ಪು ತಡೆದೆ ಎಂಬುದು ಸೇರಬೇಕು. ಎಐ ನೆರವು ಪಡೆದದ್ದನ್ನು ಹೇಳಿದವರಿಗೆ ಕೀಳರಿಮೆ ಆಗುವ ವಾತಾವರಣ ಹೋಗಬೇಕು; ಆ ನೆರವನ್ನು ಮುಚ್ಚಿಟ್ಟರೆ ರಿವ್ಯೂ ಮಾಡುವವರಿಗೆ ಎಲ್ಲಿ ಎಚ್ಚರ ಬೇಕೆಂದೇ ತಿಳಿಯುವುದಿಲ್ಲ. ಋಣದ ವಿಚಾರಕ್ಕೆ ಬಂದರೆ, ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರ ಅಕ್ಟೋಬರಿನಲ್ಲಿ ಓಪನ್ ಸೋರ್ಸ್ ಯೋಜನೆಗಳಿಗೆಂದೇ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿಯನ್ನು ತೆರೆಯಿತು. ಆ ಕಂಪನಿಗಿಂತ ಎಷ್ಟೋ ಪಟ್ಟು ದೊಡ್ಡವು, ಅಂಥದೇ ಪುಕ್ಕಟೆ ಕೋಡಿನ ಮೇಲೆ ನಿಂತು ಈಗ ಎಐ ಚಂದಾಕ್ಕೆ ಹೇರಳವಾಗಿ ಖರ್ಚು ಮಾಡುತ್ತಿರುವವು, ಇದೇ ನಗರದಲ್ಲಿವೆ. ಆ ಚಂದಾದ ಹತ್ತರಲ್ಲೊಂದು ಪಾಲನ್ನು ತಾವು ಬಳಸುವ ತಂತ್ರಾಂಶಗಳನ್ನು ನೋಡಿಕೊಳ್ಳುವವರಿಗೆ ತಲುಪಿಸಿದರೂ, ಸಂಜೆಯ ಹೊತ್ತು ಕೂತು ವರದಿ ಓದುವ ಅನೇಕರು ಅದನ್ನು ಸಂಬಳದ ಕೆಲಸವಾಗಿ ಹಗಲಿನಲ್ಲಿ ಮಾಡಬಹುದು.